ಸುಣ್ಣ, ಸಫೇದ ಮತ್ತು ನಮ್ಮ ಗೋಡೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಗೆ ಬಣ್ಣ ಹೊಡೆಸಿ ನೋಡು ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಸೇರಿಸುವ ಪ್ರಮೇಯವೇ ಅವರಿಗೆ ಒದಗಲಿಲ್ಲವೆಂದು ತೋರುತ್ತದೆ. ಹಬ್ಬಕ್ಕೆ ಎಂಟು ದಿನವಿರುವಾಗ ಸುಣ್ಣವನ್ನು ಅರಳಿಸಿ, ಬಟ್ಟೆಯಲ್ಲಿ ಸೋಸಿ, ನಾರಿನ ಕುಂಚದಿಂದ ಗೋಡೆಗಳಿಗೆ ಬಳಿಯುವರು. ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿಯನ್ನೆಳೆಯುವರು. ಅಲ್ಲಿಗೆ ಕೆಲಸ ಮುಗಿಯುತ್ತಿದ್ದಿತು. ಈಗಲಾದರೋ ಅಂಗಡಿಯನ್ನು ಹೊಕ್ಕ ಗೃಹಸ್ಥನ ಮುಂದೆ ಸಾವಿರ ಬಣ್ಣಗಳ ಪಟ್ಟಿಯನ್ನು ಬಿಚ್ಚಿಡುವರು. ಯಾವ ಬಣ್ಣ ಬೇಕೆಂದು ಎಲ್ಲರೂ ಕೇಳುವರು. ನಿಮ್ಮದು ಯಾವ ಗೋಡೆಯೆಂದು ಕೇಳುವವರು ಅಪರೂಪ. ಈ ಎರಡನೆಯ ಪ್ರಶ್ನೆಯು ನಮ್ಮ ದೇಶದಲ್ಲಿ ಎಷ್ಟು ಹಳೆಯದು, ಅದನ್ನು ನಾವು ಮರೆತುದು ಹೇಗೆ, ಮರೆತುದರಿಂದ ಆದ ಹಾನಿಯೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಪಾಂಡಿತ್ಯದಿಂದಲ್ಲ, ನಷ್ಟದಿಂದ. ನಮ್ಮ ಊರಿನ ಮನೆಯದು ಮಣ್ಣಿನ ಗೋಡೆ. ಮೇಲೆ ಸುಣ್ಣದ ಗಾರೆ. ಮನೆಯಲ್ಲಿ ಒಂದು ಶುಭಕಾರ್ಯ ಒದಗಿದಾಗ, ನಡುಮನೆಯ ಗೋಡೆಯ ಬುಡವು ಮಳೆಗಾಲದಲ್ಲಿ ತೇವವಾಗುವುದನ್ನು ತಡೆಯಬೇಕೆಂದು ನಾಲ್ಕು ಅಡಿ ಎತ್ತರಕ್ಕೆ ಸಿಮೆಂಟು ಮೆತ್ತಿಸಿ, ಅದರ ಮೇಲೆಯೂ ಉಳಿದ ಗೋಡೆಯ ಮೇಲೆಯೂ ಹೊಳಪಿನ ಎಣ್ಣೆಬಣ್ಣವನ್ನು ಹೊಡೆಸಿದೆನು. ಬಂದ ನೆಂಟರೆಲ್ಲ ಮೆಚ್ಚಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣವು ಬೊಬ್ಬೆಯೆದ್ದಿತು. ಬೊಬ್ಬೆಯನ್ನು ಒಡೆದರೆ ಒಳಗೆ ಬಿಳಿಯ ಉಪ್ಪು. ಮೂರನೆಯ ವರ್ಷ ಸಿಮೆಂಟು ಹಲಗೆ ಹಲಗೆಯಾಗಿ ಕಳಚಿ ಬಿದ್ದಿತು, ಮತ್ತು ಅದರೊಡನೆ ನೂರು ವರ್ಷ ನಿಂತಿದ್ದ ಮಣ್ಣೂ ಬಿದ್ದಿತು. ಗಾರೆಕೆಲಸ ಬಲ್ಲ ಮುದುಕನೊಬ್ಬನನ್ನು ಕರೆಯಿಸಿದಾಗ ಅವನು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಮೂಗು ಬಾಯಿ ಎರಡನ್ನೂ ಕಟ್ಟಿಬಿಟ್ಟಿದ್ದೀರಿ, ಸ್ವಾಮಿ” ಎಂದನು. ಆ ಮಾತಿನ ಅರ್ಥವನ್ನು ಹುಡುಕುತ್ತ ಹೋದುದರ ಫಲವೇ ಮುಂದಿನ ಸಂಗತಿಗಳು.

ಮೊದಲು ಶಬ್ದವನ್ನೇ ನೋಡೋಣ. ಸುಣ್ಣವೆಂಬುದು ಸಂಸ್ಕೃತದ ಚೂರ್ಣ ಶಬ್ದದ ತದ್ಭವ. ಇಂಗ್ಲಿಷರು ದಕ್ಷಿಣದೇಶದ ನಯಗಾರೆಯನ್ನು ಕಂಡು ಚುನಾಮ್ ಎಂದು ಕರೆದುದೂ ಇದೇ ಮೂಲದಿಂದ. ಆದರೆ ಸಂಸ್ಕೃತದಲ್ಲಿ ಸುಣ್ಣದ ಗಾರೆಗೆ ಇನ್ನೊಂದು ಹೆಸರಿದೆ: ಸುಧಾ. ಅಮೃತಕ್ಕೂ ಗಾರೆಗೂ ಒಂದೇ ಹೆಸರು! ಸುಧೆಯಿಂದ ಬಿಳುಪಾದ ಮನೆಯೇ ಸೌಧ. ೧೯೫೬ರಲ್ಲಿ ಬೆಂಗಳೂರಿನಲ್ಲಿ ಪೂರ್ಣವಾದ ನಮ್ಮ ವಿಧಾನಸೌಧವು ಕಣಶಿಲೆಯ ಹೊರಮೈಯನ್ನು ತಳೆದು, ಸುಧೆಯ ಸೋಂಕಿಲ್ಲದೆಯೇ ಸೌಧವೆನಿಸಿಕೊಂಡಿರುವುದು ಶಬ್ದಗಳ ಭಾಗ್ಯವೆನ್ನಬೇಕು.

ಗೋಡೆಯ ಲೇಪವು ಪಂಡಿತರ ವಿಚಾರಕ್ಕೆ ಯೋಗ್ಯವಾದ ವಿಷಯವೆಂದು ನಮ್ಮ ನಾಡಿನಲ್ಲಿ ಎಣಿಸಿದ್ದರೆಂಬುದಕ್ಕೆ ಪ್ರಬಲವಾದ ಸಾಕ್ಷಿಯುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ, ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರಾದ, ಸಂಸ್ಕೃತ ಗ್ರಂಥದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಹದಗೊಳಿಸುವ ಕ್ರಮವನ್ನು ವಿವರಿಸಿದೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೂ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿಡಬೇಕು. ಇದಕ್ಕೆ ವಜ್ರಲೇಪವೆಂದು ಹೆಸರು. ಬೇಕಾದಾಗ ಇದನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣನ್ನು ಬೆರೆಸಿ, ಗೋಡೆಗೆ ಮೂರು ಸಲ ಬಳಿಯಬೇಕು. ಅನಂತರ ಶಂಖದ ಚೂರ್ಣವನ್ನು ಬಳಿದು ನುಣುಪು ಮಾಡಬೇಕು. ನಮ್ಮ ಬಡಗಿಗಳು ಸರೇಸನ್ನು ಮರವಜ್ರವೆಂದು ಕರೆಯುವುದು ಈ ಹಳೆಯ ಹೆಸರಿನ ನೆನಪೇ ಇರಬೇಕು. ಗಮನಿಸತಕ್ಕ ಅಂಶವೆಂದರೆ, ಲೇಪವನ್ನು ಒಣಗಿದ ಗೋಡೆಗೆ ಬಳಿಯಬೇಕೆಂದು ಗ್ರಂಥಕಾರನು ಹೇಳಿರುವುದು. ದೊರೆಯಾದವನು ಗೋಡೆಯ ತೇವವನ್ನು ಕುರಿತು ಯೋಚಿಸಿದನು. ಬಣ್ಣದ ಗುತ್ತಿಗೆಯವರು ಯೋಚಿಸುವುದಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿಯೂ ಇಟ್ಟಿಗೆಯ ಪುಡಿ, ಸುಣ್ಣ, ಬೆಲ್ಲ, ಬಿಲ್ವದ ತಿರುಳು ಮುಂತಾದುವನ್ನು ಬೆರೆಸಿ, ತಿಂಗಳ ಕಾಲ ಕಳಿಯಬಿಟ್ಟು, ಬಳಿಕ ಮೆತ್ತುವ ವಿಧಾನವಿದೆ. ಇವೆಲ್ಲ ಅರಮನೆ ದೇವಾಲಯಗಳ ಮಾತಾದರೂ, ತತ್ತ್ವವು ಗುಡಿಸಿಲಿಗೂ ಒಂದೇ.

ಆ ತತ್ತ್ವವನ್ನು ರಸಾಯನಶಾಸ್ತ್ರದ ಭಾಷೆಯಲ್ಲಿ ಹೀಗೆ ಹೇಳಬಹುದು. ಸುಣ್ಣಕಲ್ಲನ್ನಾಗಲಿ ಕಡಲಿನ ಚಿಪ್ಪನ್ನಾಗಲಿ ಗೂಡಿನಲ್ಲಿಟ್ಟು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟರೆ ಅದರೊಳಗಣ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ಶುದ್ಧವಾದ ಕಲ್ಲು ನೂರು ಸೇರು ಇದ್ದರೆ ಉಳಿಯುವುದು ಐವತ್ತಾರು ಸೇರು. ಈ ಸುಟ್ಟ ಸುಣ್ಣಕ್ಕೆ ನೀರೆರೆದಾಗ ಅದು ಕುದಿದು ಅರಳುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಕಟ್ಟಿದವನು ಈ ಕುದಿತವನ್ನು ಕಣ್ಣಾರೆ ಕಂಡವನೇ ಸರಿ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ, ಅದು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಅಂದರೆ ಸುಣ್ಣವು ಗೋಡೆಯ ಮೇಲೆ ಒಣಗುವುದಿಲ್ಲ, ಹುಟ್ಟಿದ ಸ್ಥಿತಿಗೆ ಹಿಂದಿರುಗುತ್ತದೆ. ಆ ತೆಳುವಾದ ಕಲ್ಲಿನ ಪೊರೆಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿರುತ್ತವೆ. ನೆಲದಿಂದ ಮಣ್ಣಿನ ಗೋಡೆಯೊಳಕ್ಕೆ ಏರಿದ ತೇವವು ಬಿಸಿಲು ಬಂದಾಗ ಆ ರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಎಣ್ಣೆಬಣ್ಣದ ಪೊರೆಯಲ್ಲಿಯಾಗಲಿ ಗಟ್ಟಿ ಸಿಮೆಂಟಿನಲ್ಲಿಯಾಗಲಿ ಈ ದಾರಿ ಬಹುಮಟ್ಟಿಗೆ ಮುಚ್ಚಿಹೋಗುವುದರಿಂದ, ತೇವವು ಒಳಗೇ ನಿಂತು, ತಾನು ಹೊತ್ತುತಂದ ಉಪ್ಪನ್ನು ಪೊರೆಯ ಹಿಂದೆ ಹರಳುಗಟ್ಟಿಸಿ, ಆ ಹರಳುಗಳ ಒತ್ತಡದಿಂದ ಗೋಡೆಯನ್ನೇ ಪುಡಿಮಾಡುತ್ತದೆ. ಮುದುಕನು ಹೇಳಿದ ಮೂಗು ಬಾಯಿಗಳೆಂದರೆ ಇವೇ.

ಹಳೆಯ ಸುಣ್ಣವೇ ಒಳ್ಳೆಯ ಸುಣ್ಣವೆಂಬ ನಂಬಿಕೆಯೂ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಮೂರು ವರ್ಷ ಕಳಿಯದ ಸುಣ್ಣವನ್ನು ಗುತ್ತಿಗೆಯವರು ಉಪಯೋಗಿಸಕೂಡದೆಂದು ಹಳೆಯ ಕಟ್ಟಡದ ನಿಬಂಧನೆಗಳಿದ್ದುವೆಂದು ರೋಮಿನ ಪ್ಲಿನಿಯು ಬರೆದಿದ್ದಾನೆ. ಆದರೆ ಸುಣ್ಣಕ್ಕೆ ತಿಂಡಿ ತಿನ್ನಿಸುವ ವಿದ್ಯೆಯಲ್ಲಿ ದಕ್ಷಿಣ ಹಿಂದೂದೇಶವನ್ನು ಮೀರಿಸಿದವರು ವಿರಳ. ಸೇಂಟ್ ಹೆಲೀನಾ ದ್ವೀಪದ ಗವರ್ನರನಾಗಿದ್ದ ಐಸಾಕ್ ಪೈಕ್ ಎಂಬಾತನು ಮದರಾಸಿನ ಗಾರೆಯ ಕ್ರಮವನ್ನು ಬರೆದು ಕಳುಹಿಸಿದುದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸುಮಾರು ೧೭೩೨ರಲ್ಲಿ ಅಚ್ಚಾಯಿತು. ಹದಿನೈದು ಬುಷೆಲ್ ಮರಳಿಗೆ ಅಷ್ಟೇ ಸುಣ್ಣ, ಇಪ್ಪತ್ತು ಪೌಂಡು ಬೆಲ್ಲವನ್ನು ಕರಗಿಸಿದ ನೀರು, ಕಾಳು ಬೇಯಿಸಿದ ಕಟ್ಟು, ಅಳಲೆಕಾಯಿಯ ಕಷಾಯ. ಮೇಲಿನ ನಯಗಾರೆಗೆ ಮೊಟ್ಟೆಯ ಬಿಳುಪು, ತುಪ್ಪ, ಮೊಸರು! ಇದನ್ನು ಓದಿದ ಲಂಡನ್ನಿನ ವಿದ್ವಾಂಸರಿಗೆ ಇದು ಗೋಡೆಯ ಪಾಕವೋ ಅಡಿಗೆಮನೆಯ ಪಾಕವೋ ಎಂಬ ಸಂದೇಹ ಬಂದಿದ್ದರೆ ಆಶ್ಚರ್ಯವಿಲ್ಲ. ಇಂತಹ ಗಾರೆಯನ್ನು ನಯವಾದ ಕಲ್ಲಿನಿಂದ ದಿನಗಟ್ಟಲೆ ಉಜ್ಜಿದ ಮೇಲೆ ಅಮೃತಶಿಲೆಯ ಹೊಳಪು ಬರುತ್ತಿದ್ದಿತು. ಬೆಲ್ಲವು ಕಲಸಿದ ಗಾರೆಯನ್ನು ಮೆದುವಾಗಿಯೂ ದುಡಿಸಲು ಸುಲಭವಾಗಿಯೂ ಮಾಡುವುದು. ತುಪ್ಪ ಮೊಟ್ಟೆಗಳು ಮೇಲ್ಮೈಗೆ ನೀರು ಹಿಡಿಯದಂತೆ ಮಾಡುವುವು.

ಕರ್ನಾಟಕದ ಕರಾವಳಿಯಲ್ಲಿ ಈ ವಿದ್ಯೆಯು ಒಂದು ಕಲೆಯೇ ಆಯಿತು. ಅಂಕೋಲೆ, ಗೋಕರ್ಣ, ಕುಮಟೆ, ಭಟ್ಕಳಗಳ ಸುತ್ತಣ ದೇವಾಲಯಗಳಲ್ಲಿಯೂ, ಗೋವೆಯಲ್ಲಿಯೂ ಕಾಣಬರುವ ಕಾವಿಕಲೆಯನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಚಿಪ್ಪಿನ ಸುಣ್ಣಕ್ಕೆ ನಯವಾದ ಮರಳನ್ನೂ ಬೆಲ್ಲವನ್ನೂ ಕೂಡಿಸಿ, ಹಲವು ದಿನ ಕಳಿಸಿ, ಮೇಣದಂತಾಗುವವರೆಗೆ ಕುಟ್ಟುವರು. ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣು ಬೆರೆತ ಗಾರೆಯನ್ನು ತೆಳುವಾಗಿ ಮೆತ್ತಿ, ಅದು ಹಸಿಯಿರುವಾಗಲೇ ಮೊನೆಯಾದ ಉಳಿಯಿಂದ ಕೆರೆದು, ಒಳಗಿನ ಬಿಳುಪು ತೋರುವಂತೆ ಬಳ್ಳಿ, ಹೂ, ದೇವತೆ, ಪ್ರಾಣಿಗಳನ್ನು ಬರೆಯುವರು. ಬಣ್ಣವು ಗಾರೆಯ ಒಡಲಲ್ಲಿಯೇ ಇರುವುದರಿಂದ ಆ ಭಾರಿ ಮಳೆಯಲ್ಲಿಯೂ ತೊಳೆದುಹೋಗುವುದಿಲ್ಲ. ಹೊನ್ನಾವರದವರಾದ ಡಾಕ್ಟರ್ ಕೃಷ್ಣಾನಂದ ಕಾಮತರು ಊರೂರು ತಿರುಗಿ ಈ ಚಿತ್ರಗಳ ಛಾಯಾಪಟಗಳನ್ನು ತೆಗೆದು ವಿವರಗಳನ್ನು ಬರೆದಿಟ್ಟರು. ಅವರು ಬರೆದಿಟ್ಟುದು ಒಳ್ಳೆಯದಾಯಿತು. ಏಕೆಂದರೆ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಸಿಮೆಂಟನ್ನೂ ಹೆಂಚುಬಿಲ್ಲೆಗಳನ್ನೂ ಮೆತ್ತಿ, ಈ ಗೋಡೆಗಳಲ್ಲಿ ಅನೇಕವನ್ನು ಭಕ್ತರೇ ಇಲ್ಲವಾಗಿಸಿದ್ದಾರೆ. ಮಲೆನಾಡಿನಲ್ಲಿ ದೀವರ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿಗಳಿಂದ ಬರೆಯುವ ಹಸೆಚಿತ್ತಾರವೂ ಇಂತಹುದೇ: ಗೋಡೆಯ ಜಾತಿಗೆ ಒಪ್ಪುವ ಲೇಪ.

ಹೀಗೆಂದು ಸುಣ್ಣವನ್ನು ಎಲ್ಲ ಗೋಡೆಗೂ ದಿವ್ಯೌಷಧವೆಂದು ನಾನು ಹೊಗಳುತ್ತಿಲ್ಲ. ಶಿಲ್ಪಗಳ ಮೇಲೆ ವರ್ಷವರ್ಷವೂ ಸುಣ್ಣ ಬಳಿದು, ಬಳಪದ ಕಲ್ಲಿನ ಸೂಕ್ಷ್ಮವಾದ ಕೆತ್ತನೆಗಳು ಹಿಟ್ಟಿನ ಗೊಂಬೆಗಳಾದುದುಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಥೆಯೂ ಸ್ವಾರಸ್ಯವಾದುದು. ೧೭೮೪ರಲ್ಲಿ ಕಟ್ಟಿದ ಆ ಬೇಸಗೆಯ ಅರಮನೆಯ ಹೊರಗೋಡೆಯಲ್ಲಿ, ೧೭೮೦ರ ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷರು ಸೋತುದನ್ನು ಚಿತ್ರಿಸಿದೆ. ಮುತ್ತಿಗೆಯ ಕಾಲದಲ್ಲಿ ಅದಕ್ಕೆ ಸುಣ್ಣ ಬಳಿದು ಮರೆಮಾಡಿದ್ದರು. ೧೭೯೯ರ ಅನಂತರ ಅಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿಯು ತನ್ನವರ ಸೋಲಿನ ಆ ಚಿತ್ರವನ್ನು ಪುನಃ ಬರೆಯಿಸಿದನು. ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಅದರ ದುರಸ್ತು ನಡೆಯಿತು. ಪ್ಲೇಗಿನ ಕಾಲದಲ್ಲಿಯೂ ಸುಣ್ಣಕ್ಕೆ ಸಲ್ಲದ ಕೀರ್ತಿ ಸಂದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಆ ಮಾರಿ ತಲೆದೋರಿದಾಗ ಅಧಿಕಾರಿಗಳು ಮನೆಮನೆಗೂ ಸುಣ್ಣ ಹೊಡೆಯಿಸಿದರು; ೧೮೯೮ರಲ್ಲಿ ಅದು ಬೆಂಗಳೂರನ್ನೂ ಹೊಕ್ಕಿತು. ಹಸಿಸುಣ್ಣದ ತೀಕ್ಷ್ಣವಾದ ಕ್ಷಾರವು ಗೋಡೆಯ ಮೇಲಿನ ಕ್ರಿಮಿಗಳನ್ನೂ ಬೂಷ್ಟನ್ನೂ ಕೊಲ್ಲುವುದು ನಿಜ. ಆದರೆ ಪ್ಲೇಗನ್ನು ಹರಡುತ್ತಿದ್ದುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಅದೇ ೧೮೯೮ರಲ್ಲಿ ಫ್ರೆಂಚ್ ವೈದ್ಯ ಸೀಮೋಂದನು ಸಾರಿದನು. ಗೋಡೆಯ ಬಿಳುಪಿಗೂ ಇಲಿಯ ಬಿಲಕ್ಕೂ ಏನು ಸಂಬಂಧ?

ಈ ವೇಳೆಗೆ ಎಣ್ಣೆಬಣ್ಣವು ನಮ್ಮ ಊರುಗಳನ್ನು ಪ್ರವೇಶಿಸಿದ್ದಿತು. ಮೊದಲು ಅದು ಬಂದುದು ಬಾಗಿಲು ಕಿಟಕಿಗಳಿಗೆ, ರೈಲು ನಿಲ್ದಾಣಗಳಿಗೆ, ಕಬ್ಬಿಣದ ಕಂಬಿಗಳಿಗೆ. ಅಲ್ಲಿ ಅದು ಉಚಿತವೇ. ಮರಕ್ಕೂ ಕಬ್ಬಿಣಕ್ಕೂ ನೀರನ್ನು ತಡೆಯುವ ಪೊರೆ ಬೇಕು. ೧೯೦೨ರಲ್ಲಿ ಕಲಕತ್ತೆಯ ಬಳಿಯ ಹೌರಾದಲ್ಲಿ ಶಾಲಿಮಾರ್ ಬಣ್ಣದ ಕಾರ್ಖಾನೆ ಏರ್ಪಟ್ಟಿತು. ನಮ್ಮಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ೧೯೩೭ರಲ್ಲಿ ಮೈಸೂರಿನಲ್ಲಿ ಅರಗಿನ ಕಾರ್ಖಾನೆ ಹುಟ್ಟಿ, ೧೯೪೭ರಲ್ಲಿ ಸರ್ಕಾರದ ವಶಕ್ಕೆ ಬಂದು ಅರಗು ಮತ್ತು ಬಣ್ಣದ ಕಾರ್ಖಾನೆಯಾಯಿತು. ೧೯೬೨ರ ಚುನಾವಣೆಯಿಂದ ಮೊದಲುಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬಂದುದು.

ಎಣ್ಣೆಬಣ್ಣವೆಂದರೆ ಆಗ ಅಗಸೆಯೆಣ್ಣೆಯಲ್ಲಿ ಅರೆದ ಸಫೇದ, ಅರ್ಥಾತ್ ಸೀಸದ ಬಿಳುಪು. ಅದರ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಅದು ಎಣ್ಣೆಯೊಡನೆ ಕೂಡಿ ಗಟ್ಟಿಯೂ ಬಾಗುವಂತಹುದೂ ಆದ ಪೊರೆಯಾಗುವುದು, ಒಂದೆರಡು ಸಲ ಬಳಿದರೆ ಕೆಳಗಿನ ಕಲೆಗಳೆಲ್ಲ ಮುಚ್ಚಿಹೋಗುವುವು, ಬಿಸಿಲುಮಳೆಗಳನ್ನು ತಾಳುವುದು. ದೋಷ ಒಂದೇ, ಅದು ವಿಷ. ಬಣ್ಣಗಾರರಿಗೆ ಬರುವ ಹೊಟ್ಟೆಶೂಲೆಯೂ ಕೈಗಳ ಸೋಲೂ ಯೂರೋಪಿನಲ್ಲಿ ಹಿಂದಿನಿಂದಲೂ ತಿಳಿದಿದ್ದುವು. ಪ್ಯಾರಿಸ್ಸಿನ ಲೆಕ್ಲೇರ್ ಎಂಬ ಬಣ್ಣದ ಮೇಸ್ತ್ರಿಯು ತನ್ನ ಆಳುಗಳು ಹೀಗೆ ನರಳುವುದನ್ನು ನೋಡಲಾರದೆ, ೧೮೪೦ರ ದಶಕದಲ್ಲಿ ಸತುವಿನ ಬಿಳುಪನ್ನು ಬಳಕೆಗೆ ತಂದನು. ಲಾಭದಲ್ಲಿ ಆಳುಗಳಿಗೆ ಪಾಲು ಕೊಟ್ಟವನೂ ಈತನೇ. ಆದರೂ ಸಫೇದವು ಹೋಗಲಿಲ್ಲ.

ಬಳಿಯುವವನ ಕಷ್ಟ ಹೀಗಾದರೆ, ಆ ಮನೆಯಲ್ಲಿ ಬೆಳೆಯುವ ಮಗುವಿನದು? ಈ ಪ್ರಶ್ನೆಗೆ ಉತ್ತರ ಬಂದುದು ನಮ್ಮಂತೆಯೇ ಬಿಸಿಲಿನ ನಾಡಾದ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಿಂದ. ಬ್ರಿಸ್ಬೇನ್ ಪಟ್ಟಣದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ನನು ತನ್ನಲ್ಲಿಗೆ ಬಂದ ಮಕ್ಕಳ ದೇಹದಲ್ಲಿ ಸೀಸವು ಸೇರಿರುವುದನ್ನು ಕಂಡು, ಅದು ಎಲ್ಲಿಂದ ಬರುತ್ತಿದೆಯೆಂದು ವರ್ಷಗಳ ಕಾಲ ಅರಸಿ, ೧೯೦೪ರಲ್ಲಿ ಮೂಲವನ್ನು ತೋರಿಸಿದನು: ಮನೆಯ ಗೋಡೆ ಮತ್ತು ಜಗಲಿಯ ಕಟಕಟೆಯ ಬಣ್ಣ. ಬಿಸಿಲಿಗೆ ಬಣ್ಣವು ಪುಡಿಯಾಗುವುದು. ಕಟಕಟೆಯನ್ನು ಹಿಡಿದು ಆಡುವ ಮಗುವಿನ ಬೆರಳಿಗೆ ಅದು ಅಂಟುವುದು. ಮಗುವು ಬೆರಳು ಚೀಪುವುದು. ಇದರಲ್ಲಿ ಊಹಿಸಲಾಗದ ರಹಸ್ಯವೇನಿದೆ? ಆದರೂ ಮಕ್ಕಳ ಕೈಗೆಟುಕುವ ಕಡೆಗಳಲ್ಲಿ ಸೀಸದ ಬಣ್ಣವನ್ನು ಆ ಪ್ರಾಂತದಲ್ಲಿ ಕಾನೂನಿನಿಂದ ನಿಷೇಧಿಸಲು ೧೯೨೨ ಬರಬೇಕಾಯಿತು. ಅದರ ಹಿಂದಿನ ವರ್ಷ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಸಫೇದವನ್ನು ಬಳಿಯಬಾರದೆಂದು ಒಡಂಬಡಿಕೆ ಮಾಡಿತು. ಅಮೆರಿಕವು ಮನೆಯ ಬಣ್ಣದಿಂದ ಸೀಸವನ್ನು ಹೊರಹಾಕಿದುದು ೧೯೭೮ರಲ್ಲಿ. ನಮ್ಮ ಬೆಂಗಳೂರಿನಲ್ಲಿ ೧೯೯೯ರ ಫೆಬ್ರವರಿಯಲ್ಲಿ ಸೀಸದ ವಿಷಬಾಧೆಯನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. ಭಾರತ ಸರ್ಕಾರವು ೨೦೧೬ರಲ್ಲಿ ನಿಯಮವನ್ನು ಮಾಡಿ, ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ ತೊಂಬತ್ತಕ್ಕೆ ಮೀರಕೂಡದೆಂದು ೨೦೧೭ರ ನವೆಂಬರ್ ೧ರಿಂದ ವಿಧಿಸಿತು. ಬ್ರಿಸ್ಬೇನಿನ ವೈದ್ಯನ ಮಾತಿಗೂ ಇದಕ್ಕೂ ನಡುವೆ ನೂರಹದಿಮೂರು ವರ್ಷ. ಅಷ್ಟರಲ್ಲಿ ಎಷ್ಟು ಮಕ್ಕಳು ಬೆರಳು ಚೀಪಿದ್ದಾರು!

ಈಗ ಡಬ್ಬಿಗಳಲ್ಲಿ ಬರುವ ಬಿಳುಪು ಬಹುತೇಕ ಟೈಟೇನಿಯಮ್ಮಿನದು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ನಾರ್ವೆ ಅಮೆರಿಕಗಳಲ್ಲಿ ತಯಾರಿಸಲು ತೊಡಗಿದ ಇದಕ್ಕೆ ತಿರುವಾಂಕೂರಿನ ಕಡಲತೀರದ ಕರಿಮರಳು ಒಂದು ಮುಖ್ಯವಾದ ಮೂಲದ್ರವ್ಯವಾಗಿದ್ದಿತು. ಇದು ಸೀಸದಂತೆ ವಿಷವಲ್ಲ; ನೀರಿನಲ್ಲಿ ಕಲಸುವ ಹೊಸ ಬಣ್ಣಗಳಿಗೂ ಇದೇ ಜೀವ. ಗಟ್ಟಿಯಾದ ಇಟ್ಟಿಗೆ ಸಿಮೆಂಟುಗಳ ಹೊಸ ಮನೆಗೆ ಇವು ತಕ್ಕವೇ ಆಗಿವೆ, ಗೋಡೆ ಪೂರ್ತಿ ಒಣಗುವ ತನಕ ತಾಳಿದರೆ. ತಾಳದೆ, ಹಸಿ ಸಿಮೆಂಟಿನ ಮೇಲೆ ಎಣ್ಣೆಬಣ್ಣ ಹೊಡೆಸಿದರೆ, ಸಿಮೆಂಟಿನ ಕ್ಷಾರವು ಎಣ್ಣೆಯನ್ನು ಹಿಡಿದು ಅಕ್ಷರಶಃ ಸಾಬೂನನ್ನು ಮಾಡುತ್ತದೆ. ಗೃಹಪ್ರವೇಶದ ಮುಹೂರ್ತಕ್ಕೆ ಹೆದರಿ ಹೀಗೆ ಮಾಡಿದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಣ್ಣಿನ ಗೋಡೆ, ಹಸಿ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆಯ ಹಳೆಯ ಗೋಡೆಗಳಿಗಾದರೋ ಸುಣ್ಣವೇ ಗತಿ. ಗೋಡೆಯನ್ನು ಮೊದಲು ನೀರು ಚಿಮುಕಿಸಿ ತಣಿಸಿ, ಹಾಲಿನಷ್ಟು ತೆಳುವಾಗಿ, ಬಿರುಬಿಸಿಲಿಲ್ಲದ ಹೊತ್ತಿನಲ್ಲಿ, ಮೂರು ಸಲ. ಒಂದೇ ಸಲ ಮಂದವಾಗಿ ಬಳಿದರೆ ಮೈಗೆ ಹತ್ತುವ ಹಿಟ್ಟಾಗುವುದು, ಕಲ್ಲಾಗುವುದಿಲ್ಲ. ಬಿಳುಪು ಎದ್ದು ತೋರಲೆಂದು ನಮ್ಮ ತಾಯಂದಿರು ಚಿಟಿಕೆ ನೀಲಿಯನ್ನು ಹಾಕುತ್ತಿದ್ದರು. ಸುಣ್ಣದಲ್ಲಿರುವ ಸ್ವಲ್ಪ ಹಳದಿಯ ಛಾಯೆಯನ್ನು ನೀಲಿಯು ನುಂಗಿ ಕಣ್ಣನ್ನು ಮೋಸಗೊಳಿಸುವುದು.

ಹಳೆಯ ಬಣ್ಣವನ್ನು ಕೆರೆಯುವವರಿಗೆ ಒಂದು ಮಾತು. ೨೦೧೭ಕ್ಕೆ ಮುಂಚಿನ ಎಣ್ಣೆಬಣ್ಣದಲ್ಲಿ ಸೀಸವಿರಬಹುದು. ಒಣ ಮರಳುಕಾಗದದಿಂದ ಉಜ್ಜಿದರೆ ಆ ವಿಷವು ಧೂಳಾಗಿ ಮನೆಯನ್ನೆಲ್ಲ ತುಂಬುವುದು. ಸುಟ್ಟು ತೆಗೆದರೆ ಹೊಗೆಯಲ್ಲಿ ಸೇರುವುದು. ನೀರೆರೆದು ಒದ್ದೆಯಾಗಿಯೇ ಕೆರೆಯಬೇಕು. ಬಿದ್ದ ಚೂರುಗಳನ್ನು ಬಟ್ಟೆಯಲ್ಲಿ ಒರಸಿ ತೆಗೆಯಬೇಕು. ಮಕ್ಕಳೂ ಬಸುರಿಯರೂ ಆ ದಿನಗಳಲ್ಲಿ ಮನೆಯಲ್ಲಿರಕೂಡದು.

ನಮ್ಮ ನಡುಮನೆಯನ್ನು ನಾನು ಹೀಗೆಯೇ ಕೆರೆಯಿಸಿದೆನು. ಮೊಮ್ಮಗುವನ್ನು ಅದರ ಅಜ್ಜಿಯ ತವರಿಗೆ ಕಳುಹಿಸಿ, ಬುಡದ ಸಿಮೆಂಟನ್ನು ಕೆತ್ತಿಸಿ, ಮಣ್ಣು ತುಂಬಿಸಿ, ಒಂದು ಬೇಸಗೆಯೆಲ್ಲ ಗೋಡೆಯನ್ನು ಸುಮ್ಮನೆ ಗಾಳಿಗೆ ಬಿಟ್ಟೆವು. ಮೇಲಿನ ಭಾಗದಲ್ಲಿ ಎಣ್ಣೆಬಣ್ಣವು ಸಿಪ್ಪೆಯಂತೆ ಎದ್ದು ಬರುವಾಗ ಕೆಳಗೆ ಸುಣ್ಣದ ಪದರಗಳು ಕಾಣಿಸಿಕೊಂಡುವು: ನೀಲಿ ಬೆರೆತದ್ದು, ಹಳದಿಮಣ್ಣು ಬೆರೆತದ್ದು, ಮತ್ತೆ ಬರಿಯ ಬಿಳುಪು. ಮುದುಕನು ಚಾಕುವಿನ ತುದಿಯಿಂದ ಇಪ್ಪತ್ತಾರರವರೆಗೆ ಎಣಿಸಿ ಬಿಟ್ಟುಬಿಟ್ಟನು. ಕಿಟಕಿಯ ಪಕ್ಕದಲ್ಲಿ, ಅತ್ಯಂತ ಒಳಗಣ ಪದರದ ಮೇಲೆ, ಕೆಮ್ಮಣ್ಣಿನ ಒಂದು ಗೀಟು ಹೊರಬಿದ್ದಿತು. ಅದು ನೇರವಾಗಿರಲಿಲ್ಲ; ಎಳೆದವರ ಕೈ ನಡುವೆ ಒಮ್ಮೆ ನಿಂತು, ಸ್ವಲ್ಪ ಕೆಳಗಿಳಿದು, ಮತ್ತೆ ಮುಂದುವರಿದಿದ್ದಿತು. ಅದರ ಮೇಲೆ ಸುಣ್ಣ ಬಳಿಯಬೇಡವೆಂದು ಮುದುಕನಿಗೆ ಹೇಳಿದೆನು. ಅವನು ಕೈಯಗಲದಷ್ಟು ಜಾಗವನ್ನು ಬಿಟ್ಟು ಬಳಿದನು.